ಸಂಪಿನೊಳಗೆ ಚರಂಡಿ ನೀರು ಬಂದದ್ದು ಎಲ್ಲಿಂದ? ನಮ್ಮ ಮನೆಯ ರಿಪೇರಿ ದಿನಚರಿ

ನಮ್ಮ ಮನೆ ಬೆಂಗಳೂರಿನ ವಿಜಯನಗರದ ಕಡೆ. ಹಳೇ ಬಡಾವಣೆ, ಮೂವತ್ತು-ನಲವತ್ತು ಸೈಟು, ಅಪ್ಪ ಕಟ್ಟಿಸಿದ ಮನೆ. ಕಾರು ನಿಲ್ಲಿಸುವ ಜಾಗದ ಕೆಳಗೆ ಸಂಪು ಇದೆ, ತಾರಸಿ ಮೇಲೆ ಸಾವಿರ ಲೀಟರಿನ ಎರಡು ಸಿಂಟೆಕ್ಸ್ ಇವೆ, ಹಿತ್ತಲಲ್ಲಿ ಒಂದು ಬೋರು. ಕಾವೇರಿ ನೀರು ಎರಡು ದಿನಕ್ಕೊಮ್ಮೆ ಬೆಳಗಿನ ಜಾವ ಬರುತ್ತದೆ. ಈ ಬೀದಿಯಲ್ಲಿ ಎಲ್ಲರ ಮನೆಯ ವ್ಯವಸ್ಥೆಯೂ ಹೆಚ್ಚು ಕಡಿಮೆ ಹೀಗೇ ಇದೆ. ಅದಕ್ಕೇ ನಾವು ಮಾಡಿದ್ದನ್ನೆಲ್ಲ ತಪ್ಪುಗಳ ಸಮೇತ ಬರೆದಿಡುತ್ತಿದ್ದೇನೆ.

ಶುರುವಾದದ್ದು ಜೂನ್ ಮಳೆ ಹಿಡಿದ ಮೇಲೆ. ಒಂದು ಬೆಳಗ್ಗೆ ಅಮ್ಮ ಅಡುಗೆಮನೆಯಿಂದ ಕೂಗಿದರು, "ಏನೇ ಇದು, ನೀರು ಒಂಥರಾ ವಾಸನೆ ಬರ್ತಿದೆ, ಬಂದು ನೋಡು." ನಾನು ಲೋಟಕ್ಕೆ ಹಿಡಿದು ನೋಡಿದೆ. ಬಣ್ಣ ಇಲ್ಲ, ತಿಳಿಯಾಗಿಯೇ ಇದೆ. ಮೂಗಿನ ಹತ್ತಿರ ಹಿಡಿದರೆ ಮಾತ್ರ ಮಳೆಗಾಲದ ಮೋರಿಯ ವಾಸನೆ, ತುಂಬ ಸಣ್ಣಗೆ. ಆ ವಾರವೇ ಮಗನಿಗೆ ಎರಡನೇ ಸಲ ಭೇದಿ ಆಗಿತ್ತು. ಹೊರಗೆ ಏನೋ ತಿಂದಿದ್ದಾನೆ ಎಂದುಕೊಂಡು ಅವನನ್ನೇ ಗದರಿದ್ದೆವು. ಕುಡಿಯುವ ನೀರಿಗೆ ಆರ್‌ಒ ಫಿಲ್ಟರ್ ಇದೆಯಲ್ಲ, ನೀರಿನಿಂದ ಹೇಗೆ ಬರುತ್ತದೆ ಅನ್ನೋದು ನಮ್ಮ ಧೈರ್ಯ.

ಆದರೆ ಆರ್‌ಒ ನೀರು ಹೋಗುವುದು ಕುಡಿಯುವ ಬಾಟಲಿಗೆ ಮಾತ್ರ. ಹಲ್ಲುಜ್ಜುವುದು, ಸೊಪ್ಪು ತೊಳೆಯುವುದು, ತಟ್ಟೆ ಲೋಟ ತೊಳೆಯುವುದು ಎಲ್ಲ ನಲ್ಲಿ ನೀರಿನಲ್ಲೇ. ಸ್ನಾನ ಮಾಡುವಾಗ ಮಕ್ಕಳ ಬಾಯಿಗೆ ಎಷ್ಟು ನೀರು ಹೋಗುತ್ತದೆ ಎಂದು ಯಾರು ಅಳೆದಿದ್ದಾರೆ? ಇದು ನನಗೆ ಹೊಳೆದದ್ದು ಆ ಬೆಳಗ್ಗೆಯೇ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಟಿಡಿಎಸ್ ಪೆನ್ನು, ಅಂದರೆ ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಸಣ್ಣ ಉಪಕರಣ, ಅದ್ದಿ ನೋಡಿದೆ. 190 ತೋರಿಸಿತು. ಕಾವೇರಿ ನೀರು ನಮ್ಮಲ್ಲಿ ಯಾವಾಗಲೂ ಅಷ್ಟೇ ತೋರಿಸುವುದು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಟಿಡಿಎಸ್ 500ರ ಒಳಗಿದ್ದರೆ ಒಳ್ಳೆಯದು ಎಂದಿದೆ. ಹಾಗಾಗಿ "ನೀರು ಚೆನ್ನಾಗಿದೆ, ಟ್ಯಾಂಕ್ ಪಾಚಿ ವಾಸನೆ ಇರಬೇಕು" ಎಂದು ಅಮ್ಮನಿಗೆ ಹೇಳಿಬಿಟ್ಟೆ. ದೊಡ್ಡ ತಪ್ಪು ಮಾಡಿದೆ. ಮುಂದೆ ಪೇಪರ್ ಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. ನಮ್ಮ ಸಂಪು ಆರಡಿ ಉದ್ದ, ಆರಡಿ ಅಗಲ, ಆರಡಿ ಆಳ. 216 ಘನ ಅಡಿ, ಘನ ಅಡಿಗೆ 28.3 ಲೀಟರ್, ಒಟ್ಟು ಸುಮಾರು 6,100 ಲೀಟರ್ ಹಿಡಿಸುತ್ತದೆ. ಇದಕ್ಕೆ ಹತ್ತು ಲೀಟರ್ ಚರಂಡಿ ನೀರು ಸೇರಿತು ಎಂದುಕೊಳ್ಳಿ. ಚರಂಡಿ ನೀರಿನ ಟಿಡಿಎಸ್ 900 ಇದ್ದರೂ ಸಂಪಿನ ಟಿಡಿಎಸ್ ಏರುವುದು ಬರೀ ಒಂದು ಅಂಕಿ. 190 ಇದ್ದದ್ದು 191. ಆದರೆ ಕಚ್ಚಾ ಚರಂಡಿ ನೀರಿನ 100 ಮಿಲೀಯಲ್ಲಿ ಮಲದಿಂದ ಬರುವ ಬ್ಯಾಕ್ಟೀರಿಯಾ ಹತ್ತು ಲಕ್ಷ ಇರುವುದು ಮಾಮೂಲು, ಅದಕ್ಕಿಂತ ಜಾಸ್ತಿಯೂ ಇರುತ್ತದೆ. ಅದನ್ನು ಆರುನೂರು ಪಾಲು ತೆಳು ಮಾಡಿದರೂ 100 ಮಿಲೀಗೆ ಸಾವಿರದ ಆರುನೂರು ಉಳಿಯಿತು. ಮಾನದಂಡದ ಪ್ರಕಾರ 100 ಮಿಲೀಯಲ್ಲಿ ಇ-ಕೋಲಿ, ಅಂದರೆ ಮಲದಿಂದ ಬರುವ ಒಂದು ಬ್ಯಾಕ್ಟೀರಿಯಾ, ಒಂದೂ ಸಿಗಬಾರದು. ಟಿಡಿಎಸ್ ಪೆನ್ನು ಅಳೆಯುವುದು ನೀರಿನಲ್ಲಿ ಕರಗಿದ ಉಪ್ಪಿನಂಶವನ್ನು, ಅದೂ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ನೋಡಿ. ರೋಗಾಣು ಅದಕ್ಕೆ ಕಾಣುವುದೇ ಇಲ್ಲ.

ಬಾಟಲಿ ಪರೀಕ್ಷೆ

ಸಂಬಂಧಿಕರೊಬ್ಬರು ಹಳ್ಳಿ ಶಾಲೆಯಲ್ಲಿ ಮೇಷ್ಟ್ರು. ಅವರ ಶಾಲೆಯಲ್ಲಿ ನೀರು ಪರೀಕ್ಷೆಗೆ ಎಚ್‌ಟುಎಸ್ ಬಾಟಲಿ ಬಳಸುತ್ತಾರಂತೆ. ಸಣ್ಣ ಬಾಟಲಿ, ಒಳಗೆ ಔಷಧ ಹಚ್ಚಿದ ಒಣ ಕಾಗದ. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಆಯಿತು. ಮಲದಿಂದ ಬಂದ ಬ್ಯಾಕ್ಟೀರಿಯಾ ಇದ್ದರೆ ನೀರು ಕಪ್ಪಾಗುತ್ತದೆ. 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದವರು ಇದನ್ನು ಪ್ರಕಟಿಸಿದರು. ನಮ್ಮ ದೇಶದಲ್ಲೇ ಹುಟ್ಟಿದ ಪರೀಕ್ಷೆ, ಲ್ಯಾಬ್ ಬೇಡ, ಕರೆಂಟ್ ಬೇಡ. ಒಂದು ಡಜನ್ ತರಿಸಿದೆ.

ಇಲ್ಲಿ ಮುಖ್ಯವಾದ ಮಾತು ಒಂದಿದೆ. ಅಡುಗೆಮನೆ ನಲ್ಲಿಯ ನೀರು ಮಾತ್ರ ಪರೀಕ್ಷೆ ಮಾಡಿದರೆ ನೀರು ಕೆಟ್ಟಿದೆಯೋ ಇಲ್ಲವೋ ಎಂದಷ್ಟೇ ಗೊತ್ತಾಗುತ್ತದೆ. ಎಲ್ಲಿ ಕೆಟ್ಟಿತು ಎಂದು ಗೊತ್ತಾಗುವುದಿಲ್ಲ. ಅದಕ್ಕೆ ನೀರು ಬರುವ ದಾರಿಯನ್ನೇ ಹಿಡಿದು ಹೋದೆ. ಆರು ಬಾಟಲಿ: ಮೀಟರ್ ಹತ್ತಿರದ ನಲ್ಲಿಯಲ್ಲಿ ನೀರು ಬಂದ ಮೊದಲ ನಿಮಿಷದ್ದು ಒಂದು, ಅದೇ ನಲ್ಲಿಯಲ್ಲಿ ಹದಿನೈದು ನಿಮಿಷ ಬಿಟ್ಟು ಒಂದು, ಸಂಪು, ಸಿಂಟೆಕ್ಸ್, ಅಡುಗೆಮನೆ ನಲ್ಲಿ, ಆರ್‌ಒ. ನಲ್ಲಿ ಬಾಯಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಮುಚ್ಚಳದ ಒಳಭಾಗ ಮುಟ್ಟದೆ ಹಿಡಿಯಬೇಕು. ಜೂನ್‌ನಲ್ಲಿ ಬೆಂಗಳೂರು ತಣ್ಣಗಿರುತ್ತದೆ, ಫ್ರಿಜ್ ಹಿಂದಿನ ಬೆಚ್ಚನೆ ಜಾಗದಲ್ಲಿ ಸಾಲಾಗಿ ಇಟ್ಟೆ.

ಹದಿನೆಂಟು ಗಂಟೆಗೆ ಸಂಪಿನದು ಮಸಿಯಂತೆ ಕಪ್ಪು. ಮರುದಿನದ ಹೊತ್ತಿಗೆ ಸಿಂಟೆಕ್ಸ್ ಮತ್ತು ಅಡುಗೆಮನೆ ನಲ್ಲಿ ಎರಡೂ ಕಪ್ಪು. ಮೀಟರ್‌ನ ಮೊದಲ ನಿಮಿಷದ್ದು ಸ್ವಲ್ಪ ತಡವಾಗಿ, ಮೂವತ್ತು ಗಂಟೆಗೆ ಕಪ್ಪಾಯಿತು. ಹದಿನೈದು ನಿಮಿಷದ್ದು ಮತ್ತು ಆರ್‌ಒದ್ದು ಎರಡು ದಿನವಾದರೂ ಹಾಗೇ ಇದ್ದವು.

ಆ ಆರು ಬಾಟಲಿ ನೋಡುತ್ತಾ ನಿಂತಾಗ ನಿಜಕ್ಕೂ ಹೊಟ್ಟೆ ತೊಳಸಿತು. ಈ ಕಾವೇರಿ ನೀರು ತೊರೆಕಾಡನಹಳ್ಳಿಯ ಘಟಕದಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪ್ ಆಗಿ, ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ ಏರಿ ಬರುತ್ತದೆ. ಅಷ್ಟು ದೂರ ಸರಿಯಾಗಿ ಬಂದ ನೀರು ಹೆಚ್ಚಾಗಿ ನಮ್ಮ ಗೇಟಿನ ಒಳಗೆ ಬಂದ ಮೇಲೆ ಕೆಡುತ್ತಿತ್ತು. ಮೀಟರ್‌ನ ಮೊದಲ ನಿಮಿಷದ ನೀರಿನ ವಿಷಯ ಮುಂದೆ ಹೇಳುತ್ತೇನೆ.

ಈ ಬಾಟಲಿ ನೂರಕ್ಕೆ ನೂರು ತೀರ್ಪಲ್ಲ, ಅದನ್ನೂ ಹೇಳಬೇಕು. ಕೆಲವು ಬೋರ್ ನೀರಿನಲ್ಲಿ ಗಂಧಕದ ಅಂಶ ಇದ್ದರೂ ಕಪ್ಪಾಗುತ್ತದೆ. ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೆ ರೋಗಾಣು ಇದ್ದರೂ ಕಪ್ಪಾಗದೆ ಇರಬಹುದು. ಹಾಗಾಗಿ ಸಂಪಿನ ನೀರನ್ನು ಒಂದು ಖಾಸಗಿ ಲ್ಯಾಬ್‌ಗೂ ಕೊಟ್ಟೆ, ಅವರದೇ ಸ್ಟೆರೈಲ್ ಬಾಟಲಿಯಲ್ಲಿ, ಐಸ್ ಜೊತೆ, ಬೆಳಗ್ಗೆ ಹಿಡಿದು ಬೆಳಗ್ಗೆಯೇ ತಲುಪಿಸಿ. ಇ-ಕೋಲಿ ಇದೆ ಎಂದು ವರದಿ ಬಂತು. ಕಪ್ಪಾದ ಬಾಟಲಿಗಳನ್ನು ಹಾಗೇ ಚೆಲ್ಲಬೇಡಿ, ಬ್ಲೀಚಿಂಗ್ ಪೌಡರ್ ನೀರು ಸುರಿದು ಒಂದು ಗಂಟೆ ಬಿಟ್ಟು ಟಾಯ್ಲೆಟ್‌ಗೆ ಹಾಕಿ.

ಅವತ್ತಿನಿಂದಲೇ ಅಡುಗೆಗೆ, ಪಾತ್ರೆ ಕೊನೆಯಲ್ಲಿ ತೊಳೆಯಲು, ಹಲ್ಲುಜ್ಜಲು ಎಲ್ಲದಕ್ಕೂ ಕುದಿಸಿದ ನೀರು. ಚೆನ್ನಾಗಿ ಮರಳಲು ಶುರುವಾದ ಮೇಲೆ ಒಂದು ನಿಮಿಷ ಕುದಿಸಿದರೆ ರೋಗಾಣುವಿಗೆ ಸಾಕು. ಗ್ಯಾಸ್ ಖರ್ಚಾಯಿತು, ಆಗಲಿ.

ಮೊದಲ ರಿಪೇರಿ, ಕೆಲಸಕ್ಕೆ ಬರಲಿಲ್ಲ

ಸಂಪು ತೊಳೆಸಿದರೆ ಆಯಿತು ಎಂದುಕೊಂಡೆವು. ತೊಳೆಯುವವರು ಬಂದರು, ಲೋಳೆ ಉಜ್ಜಿ ತೆಗೆದರು, ನೀರು ತುಂಬಿಸಿ ಬ್ಲೀಚಿಂಗ್ ಪೌಡರ್ ಹಾಕಿದೆವು. ಲೆಕ್ಕ ಹೀಗಿತ್ತು: ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕು, 6,100 ಲೀಟರಿಗೆ 305 ಗ್ರಾಂ. ಹೊಸ ಪೌಡರ್‌ನಲ್ಲಿ ಕ್ಲೋರಿನ್ ನೂರಕ್ಕೆ ಸುಮಾರು 30 ಭಾಗ ಇರುತ್ತದೆ, ಹಾಗಾಗಿ ಒಂದು ಕಿಲೋ. ಪ್ಯಾಕೆಟ್ ಮೇಲೆ ತಿಂಗಳು ನೋಡಿ ತೆಗೆದುಕೊಳ್ಳಿ, ಹಳೇ ಪೌಡರ್‌ನಲ್ಲಿ ಬರೀ ಸುಣ್ಣ ಉಳಿದಿರುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಎಲ್ಲ ಹೊರಗೆ ಹಾಕಿದೆವು. ಆರು ಸಾವಿರ ಲೀಟರ್ ಚೆಲ್ಲಿದ್ದು ಇನ್ನೂ ಮನಸ್ಸಿಗೆ ಚುಚ್ಚುತ್ತದೆ. ಅಷ್ಟೊಂದು ನೀರು ಬೇಕಿರಲಿಲ್ಲ, ಮುಂದೆ ಹೇಳುತ್ತೇನೆ.

ಐದನೇ ದಿನ ಮತ್ತೆ ಅದೇ ವಾಸನೆ. ಬಾಟಲಿ ಮತ್ತೆ ಕಪ್ಪು.

ಆಗ ಅಮ್ಮ ಒಂದು ಮಾತು ಹೇಳಿದರು. "ನೀರು ಬಂದ ದಿನ ವಾಸನೆ ಇರೋದಿಲ್ಲ ಕಣೆ, ನೀರು ಬರೋ ಹಿಂದಿನ ದಿನವೇ ಇರೋದು." ದಿನಾ ಅಡುಗೆಮನೆಯಲ್ಲಿ ನಿಲ್ಲುವವರಿಗೆ ಮಾತ್ರ ತಿಳಿಯುವ ವಿಷಯ. ನೀರು ಬಂದ ದಿನ ಸಂಪು ತುಂಬಿರುತ್ತದೆ. ಹಿಂದಿನ ದಿನ ತಳದಲ್ಲಿರುತ್ತದೆ. ಅಂದರೆ ಸಂಪಿನ ಗೋಡೆಯಲ್ಲಿ ಎಲ್ಲೋ ಒಂದು ದಾರಿ ಇದೆ. ಒಳಗೆ ನೀರು ಮೇಲಿದ್ದಾಗ ಅದರಲ್ಲಿ ನೀರು ಹೊರಗೆ ಹೋಗುತ್ತದೆ. ಮಟ್ಟ ಆ ದಾರಿಗಿಂತ ಕೆಳಗಿಳಿದಾಗ ಹೊರಗಿನದು ಒಳಗೆ ಬರುತ್ತದೆ.

ನೋಡೇಬಿಡೋಣ ಎಂದು ಸಂಪು ತುಂಬಿದ ದಿನ ರಾತ್ರಿ ಮೋಟಾರ್ ಸ್ವಿಚ್ ತೆಗೆದು, ಒಳಬರುವ ವಾಲ್ವ್ ಮುಚ್ಚಿ, ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಹಾಕಿದೆ. ಬೆಳಗ್ಗೆ ಒಂದೂವರೆ ಇಂಚು ಇಳಿದಿತ್ತು. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆರಡಿಗೆ ಆರಡಿ ಸಂಪಿನಲ್ಲಿ ಒಂದೂವರೆ ಇಂಚು ಅಂದರೆ 127 ಲೀಟರ್. ಒಂದು ರಾತ್ರಿಗೆ.

ಉಪ್ಪು ಹಾಕಿ ದಾರಿ ಹಿಡಿದದ್ದು

ನಮ್ಮ ಪ್ಲಂಬರ್ ಅಣ್ಣ ಈ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಸಂಪು ಖಾಲಿ ಮಾಡಿಸಿ ಟಾರ್ಚ್ ಬಿಟ್ಟು ನೋಡಿದರು. "ಅಕ್ಕಾ, ಇಲ್ಲಿ ನೋಡಿ, ಮುಂಚೆ ಮೋಟಾರ್ ಈ ಕಡೆ ಇತ್ತು. ಸಕ್ಷನ್ ಪೈಪ್ ತೂತು ಹಂಗೇ ಗಾರೆ ಮೆತ್ತಿ ಬಿಟ್ಟವ್ರೆ." ಮೇಲಿನಿಂದ ಮೂರಡಿ ಕೆಳಗೆ, ಮುಷ್ಟಿ ಗಾತ್ರದ ಹಳೇ ತೂತು. ಗಾರೆ ಸುತ್ತ ಬಿರುಕು ಬಿಟ್ಟಿದೆ, ಬಿರುಕಿನಿಂದ ಕಪ್ಪಗೆ ನೀರು ಜಿನುಗುತ್ತಿದೆ. ಆ ಗೋಡೆಯ ಆಚೆ ಮೂರಡಿಗೆ ನಮ್ಮದೇ ಚೇಂಬರ್, ಅಂದರೆ ಬಚ್ಚಲು ನೀರು ಹಾದು ಹೋಗುವ ಇಟ್ಟಿಗೆಯ ಗುಂಡಿ.

ಚೇಂಬರ್‌ನಿಂದಲೇ ಬರುತ್ತಿದೆಯೋ, ಮಳೆ ನೀರು ಮಣ್ಣಿನಲ್ಲಿ ಇಂಗಿ ಬರುತ್ತಿದೆಯೋ ಗೊತ್ತಾಗದೆ ಅಗೆಯುವುದು ಬೇಡ ಎಂದೆ. ಕೇಸರಿ ಬಣ್ಣ ಕಲಸಿ ಚೇಂಬರ್‌ಗೆ ಹಾಕಿದೆವು. ಮೂರು ಗಂಟೆ ಕಾದರೂ ಬಿರುಕಿನಲ್ಲಿ ಬಣ್ಣ ಕಾಣಲಿಲ್ಲ. ಕೆಂಪು ಮಣ್ಣು ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಅದೂ ಅಲ್ಲದೆ ಕಪ್ಪು ನೀರಿನಲ್ಲಿ ಬಣ್ಣ ಗುರುತಿಸುವುದು ಕಷ್ಟ. ಆಗ ಟಿಡಿಎಸ್ ಪೆನ್ನು ನೆನಪಾಯಿತು. ಅದು ಉಪ್ಪನ್ನು ಚೆನ್ನಾಗಿ ಅಳೆಯುತ್ತದೆ, ಉಪ್ಪನ್ನು ಮಣ್ಣು ಹಿಡಿದುಕೊಳ್ಳುವುದಿಲ್ಲ.

ಚೇಂಬರ್‌ನ ಹೊರಬಾಯಿಗೆ ಮರಳು ತುಂಬಿದ ಗೋಣಿಚೀಲ ತುರುಕಿ, ಮನೆಯಲ್ಲಿ ಯಾರೂ ಬಚ್ಚಲು ಬಳಸಬೇಡಿ ಎಂದು ಹೇಳಿ, ನಾಲ್ಕು ಬಕೆಟ್ ನೀರಿಗೆ ಎರಡು ಕಿಲೋ ಕಲ್ಲುಪ್ಪು ಕರಗಿಸಿ ಸುರಿದೆವು. ಬಿರುಕಿನ ಕೆಳಗೆ ಒಂದು ಸ್ಟೀಲ್ ಬಟ್ಟಲು ಸಿಕ್ಕಿಸಿ ಜಿನುಗುವ ನೀರು ಹಿಡಿದೆವು. ಉಪ್ಪು ಹಾಕುವ ಮೊದಲು 860. ನಲವತ್ತು ನಿಮಿಷಕ್ಕೆ 870, ಏನೂ ಇಲ್ಲ. ಒಂದೂವರೆ ಗಂಟೆಗೆ 2,300. ಎರಡು ಗಂಟೆಗೆ 3,800. ಇನ್ನು ಅನುಮಾನವೇ ಬೇಡ. ನಮ್ಮ ಬಚ್ಚಲಿನ ನೀರು ಮೂರಡಿ ಮಣ್ಣು ದಾಟಿ ನಮ್ಮ ಸಂಪಿಗೇ ಬರುತ್ತಿತ್ತು.

ಅಗೆದು ಸರಿಮಾಡಿದ್ದು

ಸಂಪಿಗೆ ಇಳಿಯುವ ಮೊದಲು ಒಂದು ವಿಷಯ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಇಲ್ಲದೆ ಜನ ಸತ್ತಿದ್ದಾರೆ, ಕಾಪಾಡಲು ಇಳಿದವರೂ ಸತ್ತಿದ್ದಾರೆ. ನಾವು ರಾತ್ರಿಯಿಡೀ ಮುಚ್ಚಳ ತೆಗೆದು, ಸುತ್ತ ಬೇಲಿಯಂತೆ ಕುರ್ಚಿ ಇಟ್ಟು, ಬೆಳಗ್ಗೆ ಎರಡು ಗಂಟೆ ಫ್ಯಾನ್ ಗಾಳಿ ಬಿಟ್ಟೆವು. ಇಳಿದವರ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು. ತಲೆ ಸುತ್ತಿದರೆ ಕೂಡಲೇ ಮೇಲೆ. ಬ್ಲೀಚಿಂಗ್ ಪೌಡರ್ ಇರುವ ಕಡೆ ಟಾಯ್ಲೆಟ್ ಆಸಿಡ್ ಮುಟ್ಟಿಸಲೇಬೇಡಿ, ಎರಡೂ ಸೇರಿದರೆ ವಿಷದ ಗಾಳಿ ಬರುತ್ತದೆ. ಚೇಂಬರ್ ಎರಡೂವರೆ ಅಡಿ ಮಾತ್ರ ಆಳ, ಅದರ ಕೆಲಸ ಪೂರ್ತಿ ಹೊರಗೆ ನಿಂತೇ ಮಾಡಿದ್ದು. ಯಾರನ್ನೂ ಒಳಗೆ ಇಳಿಸಲಿಲ್ಲ, ಇಳಿಸಲೂ ಬಾರದು.

ಮೊದಲು ಚೇಂಬರ್. ಇಟ್ಟಿಗೆ ಗೋಡೆಯಲ್ಲಿ ಒಂದು ಅರಳಿ ಸಸಿ ಹುಟ್ಟಿ, ಬೇರು ಪೈಪಿನ ಕೂಡು ಒಡೆದಿತ್ತು. ಹಳೇ ಮಣ್ಣಿನ ಪೈಪು, ಕೂಡಿಗೆ ಹಾಕಿದ ಸಿಮೆಂಟ್ ಉದುರಿ ಹೋಗಿತ್ತು. ಆ ಪೈಪ್ ತೆಗೆದು ಮುಂದಿನ ಚೇಂಬರ್‌ವರೆಗೆ ನಾಲ್ಕಿಂಚಿನ ಪಿವಿಸಿ ಹಾಕಿದೆವು. ಚೇಂಬರ್ ತಳ ಕೆದರಿ, ನೀರು ನಿಲ್ಲದೆ ಜಾರುವಂತೆ ಇಳಿಜಾರು ಮಾಡಿ, ಒಳಗೆಲ್ಲ ಹೊಸ ಗಾರೆ. ಬೇರನ್ನು ಕತ್ತರಿಸಿ ಬಿಡದೆ ಬುಡ ಸಮೇತ ಕೀಳಿಸಿದೆವು, ಇಲ್ಲದಿದ್ದರೆ ಅರಳಿ ಮತ್ತೆ ಚಿಗುರುತ್ತದೆ.

ಸಂಪಿನ ತೂತಿನ ಕೆಲಸ ನಿಧಾನದ್ದು. ಗಾರೆ ಮೇಸ್ತ್ರಿ ಬಿರುಕಿನ ಸುತ್ತ ಒಂದಡಿ ಅಗಲಕ್ಕೆ ಹಳೇ ಗಾರೆ ಪೂರ್ತಿ ಕಿತ್ತರು. ಮೊದಲು ಅವರು ಹೇಳಿದ್ದು, "ಮೇಲೆ ಒಂದು ಕೋಟ್ ವಾಟರ್‌ಪ್ರೂಫ್ ಹೊಡೆದ್ರೆ ಸಾಕು ಮೇಡಂ." ನಾನು ಬೇಡ ಎಂದೆ. ಹೊರಗಿನಿಂದ ಒತ್ತುವ ನೀರು ಮೇಲಿನ ಬಳಿತವನ್ನು ತಳ್ಳಿ ಉಬ್ಬಿಸುತ್ತದೆ, ನಮ್ಮ ಬಚ್ಚಲ ಗೋಡೆಯಲ್ಲಿ ಅದನ್ನು ನೋಡಿದ್ದೆ. ತೂತನ್ನು ಉಳಿಯಿಂದ ಅಗಲಿಸಿ, ಒಳಗೆ ಅಗಲ ಬಾಯಿಯಲ್ಲಿ ಕಿರಿದು ಇರುವಂತೆ ಕೊರೆದು, ಬೇಗ ಗಟ್ಟಿಯಾಗುವ ಸಿಮೆಂಟನ್ನು ಉಂಡೆ ಮಾಡಿ ಒತ್ತಿ ಹಿಡಿದರು. ಮೂರ್ನಾಲ್ಕು ನಿಮಿಷಕ್ಕೆ ಕಲ್ಲಾಯಿತು, ಜಿನುಗು ನಿಂತಿತು. ಅದರ ಮೇಲೆ ಕುಗ್ಗದ ಗ್ರೌಟ್, ಆಮೇಲೆ ಹೊಸ ಗಾರೆ, ಅದು ಒಣಗಿದ ಮೇಲೆ ಕುಡಿಯುವ ನೀರಿನ ತೊಟ್ಟಿಗೆ ಆಗುತ್ತದೆ ಎಂದು ಡಬ್ಬದ ಮೇಲೆ ಬರೆದಿರುವ ವಾಟರ್‌ಪ್ರೂಫ್ ಎರಡು ಕೋಟ್, ಒಂದು ಅಡ್ಡ, ಒಂದು ಉದ್ದ. ಏಳು ದಿನ ಸಂಪು ಬಳಸಲಿಲ್ಲ. ಆ ವಾರ ತಾರಸಿ ಟ್ಯಾಂಕ್‌ಗೆ ಬೋರ್ ನೀರು, ಅಡುಗೆಗೆ ಕ್ಯಾನ್.

ಮುಚ್ಚಳದ ಕಡೆಯೂ ಗಮನ ಹೋಯಿತು. ಅದು ನೆಲಕ್ಕೆ ಸಮ ಇತ್ತು. ಕಾರು ತೊಳೆದ ನೀರು, ಮಳೆ ನೀರು, ಚಪ್ಪಲಿ ಧೂಳು ಎಲ್ಲ ಅದರ ಸಂದಿಯಿಂದ ಒಳಗೆ. ಸುತ್ತ ನಾಲ್ಕಿಂಚು ಕಟ್ಟೆ ಎತ್ತಿಸಿ, ಕೆಳಗೆ ರಬ್ಬರ್ ಪಟ್ಟಿ ಹಾಕಿಸಿದೆವು. ಅರ್ಧ ದಿನದ ಕೆಲಸ.

ಈ ಸಲ ಸಂಪು ತೊಳೆಯಲು ಆರು ಸಾವಿರ ಲೀಟರ್ ಸುರಿಯಲಿಲ್ಲ. ಹತ್ತು ಲೀಟರ್ ನೀರಿಗೆ 20 ಗ್ರಾಂ ಬ್ಲೀಚಿಂಗ್ ಪೌಡರ್, ಅಂದರೆ ಲೀಟರಿಗೆ 600 ಮಿಲಿಗ್ರಾಂ ಕ್ಲೋರಿನ್. ಅದನ್ನು ಉದ್ದ ಹಿಡಿಯ ಬ್ರಶ್ಶಿನಲ್ಲಿ ಗೋಡೆಗೆಲ್ಲ ಬಳಿದು, ಅರ್ಧ ಗಂಟೆ ಬಿಟ್ಟು, ಆರೇಳು ಬಕೆಟ್ ನೀರಿನಲ್ಲಿ ತೊಳೆದು ಹೊರಗೆ ತೆಗೆದೆವು. ಸಿಂಟೆಕ್ಸ್ ಎರಡಕ್ಕೂ ಅದೇ ರೀತಿ. ಮನೆಯ ಪೈಪುಗಳಿಗೆ ಮಾತ್ರ ತೆಳು ಕ್ಲೋರಿನ್ ನೀರು ಸಿಂಟೆಕ್ಸ್‌ನಿಂದ ಬಿಟ್ಟು, ಪ್ರತಿ ನಲ್ಲಿಯಲ್ಲೂ ವಾಸನೆ ಬರುವವರೆಗೆ ಹರಿಸಿ, ರಾತ್ರಿ ಹಾಗೇ ನಿಲ್ಲಿಸಿ, ಬೆಳಗ್ಗೆ ಖಾಲಿ ಮಾಡಿದೆವು. ಆರ್‌ಒಗೆ ಹೋಗುವ ವಾಲ್ವ್ ಮುಚ್ಚಿರಬೇಕು, ಜಾಸ್ತಿ ಕ್ಲೋರಿನ್ ಅದರ ಮೆಂಬ್ರೇನ್ ಹಾಳು ಮಾಡುತ್ತದೆ.

ಮೊದಲ ನಿಮಿಷದ ನೀರು

ಮೀಟರ್ ಹತ್ತಿರದ ಮೊದಲ ಬಾಟಲಿ ಕಪ್ಪಾಗಿತ್ತಲ್ಲ, ಅದಕ್ಕೂ ಸಂಪಿನಲ್ಲಿ ಆದಂಥದ್ದೇ ಕಾರಣ, ಆದರೆ ಇದು ಬೀದಿಯ ಪೈಪಿನಲ್ಲಿ. ನೀರು ಬಿಡದ ಹೊತ್ತಿನಲ್ಲಿ ಬೀದಿಯ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಎಲ್ಲಾದರೂ ಸೋರುವ ಕೂಡು ಇದ್ದರೆ, ಅದರ ಪಕ್ಕ ಚರಂಡಿ ಲೈನ್ ಇದ್ದರೆ, ಹೊರಗಿನ ಕೊಳಕು ಒಳಗೆ ಎಳೆದುಕೊಳ್ಳುತ್ತದೆ. ನೀರು ಬಿಟ್ಟಾಗ ಆ ಕೊಳಕು ಮೊದಲು ಬರುತ್ತದೆ, ಆಮೇಲೆ ಒಳ್ಳೆಯ ನೀರು. ಅದರ ಮೇಲೆ ಬೆಳಗಿನ ಜಾವ ವಾಲ್ವ್ ತೆರೆದೇ ಇಟ್ಟಿರುವ ನಮ್ಮ ಅಭ್ಯಾಸ. ಮೊದಲ ಕೊಳಕು ನೀರೆಲ್ಲ ನೇರ ಸಂಪಿಗೆ.

ಕ್ಲೋರಿನ್ ನೋಡುವ ಸಣ್ಣ ಕಿಟ್ ತಂದೆ. ಎರಡು ಹನಿ ಹಾಕಿದರೆ ಕ್ಲೋರಿನ್ ಇದ್ದಷ್ಟು ಹಳದಿ ಬಣ್ಣ ಬರುತ್ತದೆ. ಪರೀಕ್ಷೆ ಮಾಡಿದ ನೀರು ಕುಡಿಯಬಾರದು, ಚೆಲ್ಲಬೇಕು. ಮಾನದಂಡದ ಪ್ರಕಾರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನೀರು ಬಂದ ಒಂದನೇ ನಿಮಿಷ ಬಣ್ಣವೇ ಇಲ್ಲ. ಮೂರನೇ ನಿಮಿಷ ಇದೆಯೋ ಇಲ್ಲವೋ ಅನ್ನುವಷ್ಟು. ಐದನೇ ನಿಮಿಷ ಸ್ಪಷ್ಟ ಹಳದಿ, 0.5ರ ಹತ್ತಿರ. ಇದನ್ನು ಮೂರು ಸರದಿ ನೋಡಿದೆ, ಮೂರೂ ಸಲ ಹೆಚ್ಚು ಕಡಿಮೆ ಅದೇ.

ಹಾಗಾಗಿ ಮೀಟರ್ ಆದ ಮೇಲೆ ಪೈಪ್ ಕತ್ತರಿಸಿ ಒಂದು ಟೀ, ಎರಡು ಬಾಲ್ ವಾಲ್ವ್ ಹಾಕಿಸಿದೆವು. ಒಂದು ವಾಲ್ವ್ ಸಂಪಿಗೆ, ಒಂದು ಹೊರಗಿನ ಡ್ರಮ್ಮಿಗೆ. ಸಂಪಿನ ವಾಲ್ವ್ ಮುಚ್ಚಿಟ್ಟು ಮಲಗುತ್ತೇವೆ, ನೀರು ಬಂದಾಗ ಮೊದಲ ಐದು ನಿಮಿಷ ಡ್ರಮ್ಮಿಗೆ ಬಿಟ್ಟು ಆಮೇಲೆ ತಿರುಗಿಸುತ್ತೇವೆ. ನಮ್ಮಲ್ಲಿ ಇಪ್ಪತ್ತು ಲೀಟರ್ ಬಕೆಟ್ ಒಂದು ನಿಮಿಷ ನಲವತ್ತು ಸೆಕೆಂಡಿಗೆ ತುಂಬುತ್ತದೆ, ಐದು ನಿಮಿಷಕ್ಕೆ ಮೂರು ಬಕೆಟ್. ಅದು ಟಾಯ್ಲೆಟ್‌ಗೆ, ಹೂವಿನ ಗಿಡಗಳಿಗೆ. ಸೊಪ್ಪಿನ ಪಾತಿಗೆ ಹಾಕುವುದಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಏಳಬೇಕು, ಅಮ್ಮನೂ ನಾನೂ ಸರದಿ ಮಾಡಿಕೊಂಡಿದ್ದೇವೆ.

ಆದರೆ ಇದು ನಮ್ಮ ಒಂದು ಮನೆಯೊಳಗೆ ಮುಗಿಯುವ ವಿಷಯವಲ್ಲ. ಉಳಿದ ಬಾಟಲಿಗಳನ್ನು ಬೀದಿಯ ನಾಲ್ಕು ಮನೆಗೆ ಕೊಟ್ಟೆ. ಎರಡು ಮನೆಯಲ್ಲಿ ಮೊದಲ ನಿಮಿಷದ ಬಾಟಲಿ ಕಪ್ಪಾಯಿತು, ಎರಡೂ ನಮ್ಮ ಸಾಲಿನವೇ. ಯಾವ ಮನೆ, ಯಾವ ದಿನ, ಎಷ್ಟು ಗಂಟೆಗೆ, ಕ್ಲೋರಿನ್ ಎಷ್ಟು ಎಂದು ಒಂದೇ ಹಾಳೆಯಲ್ಲಿ ಬರೆದು, ಬೀದಿಯ ನಕ್ಷೆ ಗೀಚಿ, ಐದು ಮನೆಯವರೂ ಸಹಿ ಹಾಕಿ ದೂರು ಕೊಟ್ಟೆವು. ಜಲಮಂಡಳಿಯ ಸಹಾಯವಾಣಿ 1916, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. "ನೀರು ವಾಸನೆ" ಎಂದಷ್ಟೇ ಹೇಳುವುದಕ್ಕೂ ಹೀಗೆ ಜಾಗ, ಹೊತ್ತು ಹೇಳುವುದಕ್ಕೂ ತುಂಬ ವ್ಯತ್ಯಾಸ ಇದೆ. ಎಲ್ಲಿ ಅಗೆಯಬೇಕು ಎಂದು ಅವರಿಗೂ ಗೊತ್ತಾಗಬೇಕಲ್ಲ. ಮೋರಿ ದಾಟುವ ಕಡೆ ಅಗೆದರು, ಒಂದು ತುಕ್ಕು ಹಿಡಿದ ಕಬ್ಬಿಣದ (ಜಿಐ) ಪೈಪ್ ಸಿಕ್ಕಿತು, ಬದಲಾಯಿಸಿದ್ದಾರೆ.

ಬೋರ್ ನೀರಿನ ವಿಷಯ ಬೇರೆ

ಸಂಪು ರಿಪೇರಿಯ ವಾರ ಬೋರ್ ನೀರು ಬಳಸಿದೆವಲ್ಲ, ಅದನ್ನೂ ಒಂದು ಸಲ ನೋಡೋಣ ಎಂದು ನೈಟ್ರೇಟ್ ಪಟ್ಟಿ ಅದ್ದಿದೆ. ಬಣ್ಣ 50 ಮತ್ತು 100ರ ನಡುವೆ ಬಂತು. ಮಿತಿ ಲೀಟರಿಗೆ 45 ಮಿಲಿಗ್ರಾಂ. ಊರಿನ ಮಧ್ಯದ ಬೋರುಗಳಿಗೆ ನೈಟ್ರೇಟ್ ಬರುವ ದೊಡ್ಡ ದಾರಿ ಚರಂಡಿ ನೀರು ಇಂಗುವುದೇ. ಇದಕ್ಕೆ ಕುದಿಸುವುದು ಉಪಾಯವಲ್ಲ. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದರೂ ಹೋಗುವುದಿಲ್ಲ.

ಇದನ್ನು ನೋಡಿದ ಕೂಡಲೇ ಪಕ್ಕದ ಮನೆಗೆ ಓಡಿದೆ. ಅವರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಮಗುವಿಗೆ ಮೂರು ತಿಂಗಳು, ಹಾಲಿನ ಪುಡಿ ಕಲಸುತ್ತಾರೆ. "ಆಂಟಿ, ಮಗುವಿಗೆ ಯಾವ ನೀರು ಹಾಕ್ತಿದ್ದೀರಿ?" ಎಂದು ಕೇಳಿದೆ. "ಬೋರ್‌ದೇ ಕಣಮ್ಮ, ಹತ್ತು ನಿಮಿಷ ಚೆನ್ನಾಗಿ ಕುದಿಸಿಯೇ ಹಾಕೋದು" ಎಂದರು. ಎಷ್ಟು ಕಾಳಜಿಯಿಂದ ಮಾಡುತ್ತಿದ್ದರು! ಆರು ತಿಂಗಳೊಳಗಿನ ಮಕ್ಕಳಿಗೆ ನೈಟ್ರೇಟ್ ಜಾಸ್ತಿಯಾದರೆ ರಕ್ತ ಆಮ್ಲಜನಕ ಹೊರುವುದು ಕಡಿಮೆಯಾಗಿ ತುಟಿ, ಉಗುರು ನೀಲಿಗಟ್ಟುತ್ತವೆ. ಮಗು ಚೆನ್ನಾಗಿತ್ತು, ದೇವರ ದಯೆ. ಅವತ್ತೇ ಕಾವೇರಿ ನೀರು ಕುದಿಸಿ ಕೊಡಲು ಶುರು ಮಾಡಿದರು. ಡಾಕ್ಟರಿಗೂ ತೋರಿಸಿಕೊಂಡು ಬಂದರು.

ನಮ್ಮಲ್ಲಿ ಬೋರ್ ನೀರು ಈಗ ಸಂಪಿಗೆ ಹೋಗುವುದಿಲ್ಲ. ಎರಡು ಸಿಂಟೆಕ್ಸ್ ನಡುವಿನ ಪೈಪ್ ಕತ್ತರಿಸಿ ಎಂಡ್‌ಕ್ಯಾಪ್ ಹಾಕಿ, ಒಂದು ಬೋರಿಗೆ, ಒಂದು ಕಾವೇರಿಗೆ ಮಾಡಿದೆವು. ಬೋರ್ ನೀರು ಫ್ಲಶ್, ನೆಲ ಒರೆಸುವುದು, ವಾಷಿಂಗ್ ಮೆಷಿನ್‌ಗೆ ಮಾತ್ರ. ಮಧ್ಯೆ ಬರೀ ವಾಲ್ವ್ ಇಡಬೇಡಿ. ಬೇಸಿಗೆಯಲ್ಲಿ ಯಾರಾದರೂ ತೆರೆದೇ ತೆರೆಯುತ್ತಾರೆ.

ಆರ್‌ಒ ಬಗ್ಗೆ ತುಂಬ ಜನ ಕೇಳಿದರು. ಟಿಡಿಎಸ್ 190 ಇರುವ ಕಾವೇರಿ ನೀರಿಗೆ ಆರ್‌ಒ ಬೇಕಿಲ್ಲ, ಬಹಳಷ್ಟು ನೀರು ಸುಮ್ನೆ ಹೊರಗೆ ಹೋಗುತ್ತದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೂಡ ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬೇಡ ಎಂದೇ ಹೇಳಿದ್ದು. ನಮ್ಮದರ ಮೆಂಬ್ರೇನ್ ಬದಲಿಸುವ ಹೊತ್ತು ಬಂದಾಗ ಯುವಿ (ರೋಗಾಣು ಕೊಲ್ಲುವ ನೇರಳಾತೀತ ಬೆಳಕು) ಮತ್ತು ಯುಎಫ್ (ರೋಗಾಣು ತಡೆಯುವ ಸಣ್ಣ ರಂಧ್ರದ ಶೋಧಕ) ಇರುವುದಕ್ಕೆ ಹೋಗುತ್ತೇವೆ. ಬೋರ್ ನೀರನ್ನೇ ಕುಡಿಯಬೇಕಾದ ಮನೆಗಳ ಮಾತು ಬೇರೆ, ನೈಟ್ರೇಟ್ ತೆಗೆಯಲು ಅಲ್ಲಿ ಆರ್‌ಒ ಬೇಕಾಗುತ್ತದೆ.

ಈಗ

ಸಂಪು ತುಂಬಿಸಿ ಮತ್ತೆ ಸೀಮೆಸುಣ್ಣದ ಗೆರೆ ಹಾಕಿದೆ. ಬೆಳಗ್ಗೆ ಗೆರೆ ನೀರಿನ ಮಟ್ಟಕ್ಕೇ ಇತ್ತು. ತಳದಲ್ಲಿ ಒಂದಡಿ ಮಾತ್ರ ನೀರು ಉಳಿದ ದಿನ, ಅಂದರೆ ವಾಸನೆ ಬರಬೇಕಾದ ದಿನವೇ, ಬಾಟಲಿ ತುಂಬಿ ಇಟ್ಟೆ. ಎರಡು ದಿನ ಆದರೂ ಕಪ್ಪಾಗಲಿಲ್ಲ. ಸಂಪಿನಲ್ಲಿ ಅವತ್ತು ಕ್ಲೋರಿನ್ ಇರಲಿಲ್ಲ, ಹಾಗಾಗಿ ಆ ಫಲಿತಾಂಶ ನಂಬಬಹುದು. ಲ್ಯಾಬ್‌ಗೆ ಎರಡನೇ ಸಲ ಕೊಟ್ಟಾಗ ಇ-ಕೋಲಿ ಇಲ್ಲ ಎಂದು ಬಂತು. ಈಗ ನೀರು ಬಂದ ದಿನ ಸಂಪಿಗೆ 20 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕುತ್ತೇನೆ. ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿ ಮಾತ್ರ. ಅರ್ಧ ಗಂಟೆ ಬಿಟ್ಟು ಕಿಟ್‌ನಲ್ಲಿ 0.2ರಿಂದ 0.5 ತೋರಿಸಿದರೆ ಸರಿ, ಜಾಸ್ತಿ ತೋರಿಸಿದರೆ ಮುಂದಿನ ಸಲ ಕಡಿಮೆ.

ಮಗ ಚೆನ್ನಾಗಿದ್ದಾನೆ. ಭಾನುವಾರ ಪಕ್ಕದ ಆಂಟಿ ಮನೆಯ ಸಂಪು ತೆಗೆಯುತ್ತಿದ್ದೇವೆ. ಅವರದೂ ನಮ್ಮ ಕಾಲದ್ದೇ, ಚೇಂಬರ್ ಇನ್ನೂ ಹತ್ತಿರ ಇದೆ. ಕಲ್ಲುಪ್ಪು ಎರಡು ಕಿಲೋ ತಂದಿಟ್ಟಿದ್ದೇನೆ.